ಹೇಸಿಗೆ, ಅಸಹ್ಯ, ಹೇವರಿಕೆ: ಸಿಂಡರಿಸಿದ ಮುಖದ ಕೆಳಗೆ ಯಾವ ಪದ ಬರೆಯಲಿ?

ಆತ್ಮೀಯರೇ,

ಆರು ಮುಖಗಳಿಗೆ ಆರು ಕನ್ನಡ ಪದ ಬೇಕಾಗಿತ್ತು. ಐದಕ್ಕೆ ಹೇಗೋ ಹೊಂದಿಸಿದ್ದೇನೆ. ಆರನೆಯದು ಹದಿನೈದು ದಿನಗಳಿಂದ ಸತಾಯಿಸುತ್ತಿದೆ. ನಿಮ್ಮ ನಿಮ್ಮ ಕಡೆಯ ಬಳಕೆ ತಿಳಿಸಿದರೆ ಉಪಕಾರವಾಗುತ್ತದೆ.

ಹಿನ್ನೆಲೆ ಇಷ್ಟು. ಇಲ್ಲಿ ಹಾಸನದಲ್ಲಿ ನನ್ನ ಗೆಳತಿಯೊಬ್ಬಳು ಮಾತು ತಡವಾದ ಮಕ್ಕಳಿಗೆ, ಆಟಿಸಂ ಇರುವ ಮಕ್ಕಳಿಗೆ ಪಾಠ ಹೇಳುತ್ತಾಳೆ. ಎದುರಿಗಿರುವವರಿಗೆ ಸಿಟ್ಟು ಬಂದಿದೆಯೋ ಅವರು ಹೆದರಿದ್ದಾರೋ ಎಂಬುದನ್ನು ನಾವು ಯಾರೂ ಕಲಿಸದೆ ಮುಖ ನೋಡಿ ತಿಳಿಯುತ್ತೇವೆ. ಆ ಮಕ್ಕಳಲ್ಲಿ ಕೆಲವರಿಗೆ ಅದನ್ನು ಅ ಆ ಇ ಈ ಕಲಿಸಿದ ಹಾಗೆ ಕಲಿಸಬೇಕು. ಅದಕ್ಕೆಂದೇ ಕಾರ್ಡುಗಳಿವೆ: ಒಬ್ಬನೇ ಹುಡುಗ, ಆರು ಮುಖಭಾವ, ಪ್ರತಿ ಚಿತ್ರದ ಕೆಳಗೆ ಒಂದು ಇಂಗ್ಲಿಷ್ ಪದ. ಆ ಪದದ ಮೇಲೆ ಕನ್ನಡದ ಚೀಟಿ ಅಂಟಿಸಿಕೊಡು ಎಂದಳು. ಕಾಫಿ ಕುಡಿಯುತ್ತ ಮುಗಿಸುವ ಕೆಲಸ ಎಂದುಕೊಂಡು ಒಪ್ಪಿಕೊಂಡೆ.

ಸಿಟ್ಟು, ಭಯ, ಸಂತೋಷ, ದುಃಖ, ಆಶ್ಚರ್ಯ ಎಂದು ಐದು ಚೀಟಿ ಬರೆದೆ. ಮೂಗು ಸುಕ್ಕಾಗಿ, ಮೇಲ್ದುಟಿ ಮೇಲಕ್ಕೆ ಸರಿದು, ಕಣ್ಣು ಕಿರಿದಾದ ಆರನೆಯ ಮುಖಕ್ಕೆ ‘ಹೇಸಿಗೆ’ ಎಂದು ಬರೆದೆ. ಅರ್ಥದಲ್ಲಿ ತಪ್ಪೇನೂ ಇಲ್ಲ ಎಂದೇ ನನ್ನ ನಂಬಿಕೆಯಾಗಿತ್ತು.

ಮರುದಿನ ನಾನೂ ತರಗತಿಯಲ್ಲಿ ಕುಳಿತಿದ್ದೆ. ಒಂಬತ್ತು ವರ್ಷದ ಹುಡುಗನೊಬ್ಬ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಚೆನ್ನಾಗಿ ಓದಿದ. ಆರನೆಯದನ್ನು ಓದಿದವನು ಸುಮ್ಮನಾದ. ಚಿತ್ರದಲ್ಲಿದ್ದ ಹುಡುಗನ ಅಂಗಿಯನ್ನು ನೋಡಿದ. ಕಾರ್ಡನ್ನು ತಿರುವಿ ಹಿಂಭಾಗ ನೋಡಿದ. ಆಮೇಲೆ ಗೆಳತಿಯ ಕಡೆ ತಿರುಗಿ, ‘ಎಲ್ಲಿದೆ?’ ಎಂದು ಕೇಳಿದ.

ತಪ್ಪು ಅವನದಲ್ಲ, ನನ್ನ ಚೀಟಿಯದು. ಹಾಸನದ ಮನೆಗಳಲ್ಲಿ ಹೇಸಿಗೆ ಎಂದರೆ ಮೊದಲು ನೆನಪಿಗೆ ಬರುವುದು ಭಾವವಲ್ಲ, ವಸ್ತು. ಕೂಸು ಹೇಸಿಗೆ ಮಾಡಿತು. ಚಪ್ಪಲಿಗೆ ಹೇಸಿಗೆ ಮೆತ್ತಿತು. ಹಿತ್ತಿಲಲ್ಲಿ ಹೇಸಿಗೆ ಇದೆ, ನೋಡಿಕೊಂಡು ನಡೆ. ಇನ್ನೊಂದು ಎಡವಟ್ಟೂ ಆಯಿತು. ಹುಡುಗನೊಬ್ಬನ ಮುಖದ ಕೆಳಗೆ ‘ಹೇಸಿಗೆ’ ಎಂದು ಬರೆದರೆ ಅದು ಅವನ ಹೆಸರಿನಂತೆ ಓದಿಸಿಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಚಿತ್ರದವನಿಗೆ ‘ಹೇಸಿಗೆ ಅಣ್ಣ’ ಎಂಬ ನಾಮಕರಣವಾಗಿತ್ತು. ಪಾಪ, ಬೇರೆ ಐದು ಕಾರ್ಡುಗಳಲ್ಲಿಯೂ ಇರುವವನು ಅವನೇ.

ಆ ದಿನದಿಂದ ಈ ಪದದ ಬೆನ್ನು ಹತ್ತಿದ್ದೇನೆ. ಕ್ರಿಯಾಪದ ‘ಹೇಸು’ ಹಳಗನ್ನಡದ ‘ಪೇಸು’. ಪಾಲು ಹಾಲಾದಂತೆ, ಪೂ ಹೂವಾದಂತೆ ಬಂದದ್ದು. ಅದರೊಳಗೆ ಅಸಹ್ಯಪಡುವುದರ ಜೊತೆಗೆ ಹಿಂಜರಿಯುವ, ನಾಚುವ ಅರ್ಥವೂ ಇದೆ. ಇಂದಿಗೂ ಪತ್ರಿಕೆಗಳು ‘ಕೊಲೆಗೂ ಹೇಸದ ದುಷ್ಕರ್ಮಿಗಳು’ ಎಂದು ಬರೆಯುತ್ತವೆ. ಅಲ್ಲಿ ವಾಸನೆಯೂ ಇಲ್ಲ, ವಾಕರಿಕೆಯೂ ಇಲ್ಲ. ಮನಸ್ಸು ಹಿಂದೆ ಸರಿಯುವುದಷ್ಟೇ ಇದೆ. ಗಮನಿಸಿ ನೋಡಿದರೆ ಈ ಕ್ರಿಯಾಪದ ಈಗ ಬದುಕಿರುವುದು ಹೆಚ್ಚಾಗಿ ನಿಷೇಧರೂಪದಲ್ಲಿ: ಹೇಸದ, ಹೇಸುವುದಿಲ್ಲ. ‘ನಾನು ಅದಕ್ಕೆ ಹೇಸುತ್ತೇನೆ’ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿ ಬಹಳ ಕಾಲವಾಯಿತು. ಹೇಸುವ ಮನಸ್ಸು ಬದಿಗೆ ಸರಿದು, ಹೇಸುವಂತೆ ಮಾಡುವ ಪದಾರ್ಥ ನಾಮಪದವನ್ನು ಆಕ್ರಮಿಸಿಕೊಂಡಿದೆ.

ಹೊರಗಿನದಕ್ಕೂ ಒಳಗಿನದಕ್ಕೂ ಒಂದೇ ಪದ ಇರುವುದು ನಮ್ಮಲ್ಲಿ ವಿಶೇಷವಲ್ಲ. ಚಳಿ ಹೊರಗೂ ಇದೆ, ಮೈಯಲ್ಲೂ ಇದೆ, ಸೆಕೆಯೂ ಹಾಗೆಯೇ. ಯಾವುದು ಎಂದು ಹೇಳುವುದು ಪಕ್ಕದ ಕ್ರಿಯಾಪದ. ‘ಹೇಸಿಗೆ ಇದೆ’ ಎಂದರೆ ವಸ್ತು, ‘ಹೇಸಿಗೆ ಆಗುತ್ತದೆ’ ಎಂದರೆ ಭಾವ. ‘ನನಗೆ’ ಎಂಬ ಚತುರ್ಥಿಯೂ ಸೇರಿದರೆ ಸಂಶಯವೇ ಉಳಿಯುವುದಿಲ್ಲ. ನಮ್ಮ ಭಾಷೆಯಲ್ಲಿ ಭಾವಗಳು ಒಂಟಿಯಾಗಿ ಓಡಾಡುವುದಿಲ್ಲ: ಸಿಟ್ಟು ಬರುತ್ತದೆ, ನಗು ಬರುತ್ತದೆ, ಸಂತೋಷ ಆಗುತ್ತದೆ, ಬೇಜಾರು ಆಗುತ್ತದೆ, ಎಲ್ಲವೂ ಯಾರಿಗೋ. ಇಂಗ್ಲಿಷ್ ಕಾರ್ಡಿನ ಒಂಟಿಪದದ ಪದ್ಧತಿಯನ್ನು ಹಾಗೆಯೇ ಇಳಿಸಿಕೊಂಡದ್ದು ನನ್ನ ಮೊದಲ ಪೆದ್ದುತನ.

ಹೇಸಿಗೆ ಬೇಡವಾದರೆ ಅಸಹ್ಯ ಎನ್ನೋಣವೆ? ಸಂಸ್ಕೃತದಲ್ಲಿ ಅದು ಸಹಿಸಲಾಗದ್ದು ಎಂದಷ್ಟೆ. ನೋವೂ ಅಸಹ್ಯವಾಗಬಹುದು, ಬಿಸಿಲೂ ಆಗಬಹುದು. ಕನ್ನಡಕ್ಕೆ ಬಂದು ಅದರ ಕ್ಷೇತ್ರ ಕಿರಿದಾಯಿತು, ಆಮೇಲೆ ನೀತಿಯ ಕಡೆಗೆ ವಾಲಿತು. ‘ಅಸಹ್ಯವಾಗಿ ಮಾತನಾಡಬೇಡ’ ಎಂದು ಬೈಯುವಾಗ ಬೈಯುವವರ ಮೂಗು ಸುಕ್ಕಾಗಿರುವುದಿಲ್ಲ, ಹುಬ್ಬು ಗಂಟಾಗಿರುತ್ತದೆ. ಹಾಗಲಕಾಯಿ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುವ ಮಗುವಿನ ಭಾವಕ್ಕೆ ಈ ಪದ ಅಪ್ಪನ ಅಂಗಿ ತೊಡಿಸಿದಂತೆ ದೊಡ್ಡದಾಗುತ್ತದೆ. ವಾಕರಿಕೆ ಹೊಟ್ಟೆಯ ವಿಷಯ. ಜಿಗುಪ್ಸೆಯಂತೂ ದಿನಪತ್ರಿಕೆಗಳ ದುರಂತ ಸುದ್ದಿಗಳಲ್ಲಿ ‘ಜೀವನದಲ್ಲಿ’ ಎಂಬ ಪದದ ಜೊತೆಗೇ ಅಂಟಿಕೊಂಡು, ಬದುಕಿನ ಬೇಸರ ಎಂಬ ಅರ್ಥಕ್ಕೆ ಹೋಗಿ ನಿಂತಿದೆ. ಮಕ್ಕಳ ಕಾರ್ಡಿಗೆ ಅದು ಖಂಡಿತ ಬೇಡ. ಉಳಿದದ್ದು ಹೇವರಿಕೆ. ಓದಲು ಸೊಗಸಾದ ಪದ, ಭಾವವನ್ನೇ ಹೇಳುತ್ತದೆ, ವಸ್ತುವನ್ನು ಹೇಳುವುದಿಲ್ಲ. ಆದರೆ ಇಲ್ಲಿ ನಾನು ವಿಚಾರಿಸಿದ ಹತ್ತು ಹನ್ನೆರಡು ಮಂದಿಯಲ್ಲಿ ಒಬ್ಬರೂ ಅದನ್ನು ಬಾಯಲ್ಲಿ ಆಡಿದವರಲ್ಲ. ಓದಿದ್ದೇವೆ ಎಂದವರು ಇಬ್ಬರು. ನಿಮ್ಮ ಕಡೆ ಹೇವರಿಕೆಯನ್ನು ಆಡುಮಾತಿನಲ್ಲಿ ಬಳಸುವವರಿದ್ದಾರೆಯೆ? ಇದು ನನ್ನ ಮೊದಲ ಪ್ರಶ್ನೆ.

ಈ ಒಂದು ಭಾವವನ್ನು ಒಂದೊಂದು ಭಾಷೆ ಒಂದೊಂದು ಬಾಗಿಲಿನಿಂದ ಹೊಕ್ಕಿರುವುದು ಹುಡುಕುತ್ತ ಹೋದಾಗ ಕಂಡಿತು. ಇಂಗ್ಲಿಷಿನ ಡಿಸ್ಗಸ್ಟ್ ಹುಟ್ಟಿನಲ್ಲಿ ನಾಲಿಗೆಯ ಪದ, ರುಚಿಗೆ ಒಗ್ಗದ್ದು ಎಂದು ಅದರ ಮೂಲಾರ್ಥ. ಸಂಸ್ಕೃತದ ಜುಗುಪ್ಸಾ ಕಾಪಾಡು ಎಂಬ ಅರ್ಥದ ‘ಗುಪ್’ ಧಾತುವಿಗೆ ಇಚ್ಛಾರ್ಥಕ ಪ್ರತ್ಯಯ ಸೇರಿ ಆದದ್ದು. ಬಿಡಿಸಿದರೆ ತನ್ನನ್ನು ಕಾಪಾಡಿಕೊಳ್ಳುವ ಬಯಕೆ. ಕನ್ನಡದ್ದು ಹಿಂಜರಿಕೆ, ಮೈ ಮುದುಡಿ ಹಿಂದೆ ಸರಿಯುವುದು. ಮೂರರಲ್ಲಿ ಚಿತ್ರದ ಹುಡುಗನಿಗೆ ಹತ್ತಿರವಾದದ್ದು ಯಾವುದು ಎಂದರೆ ನಾನು ನಮ್ಮದನ್ನೇ ಹೇಳುತ್ತೇನೆ. ಸ್ವಭಾಷಾಭಿಮಾನ ಎಂದು ಬೇಕಾದರೆ ಅನ್ನಿ.

ಡಾರ್ವಿನ್ 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು ಬರೆದ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊದಲ್ಲಿ ಅವನು ತಣ್ಣನೆಯ ಮಾಂಸ ತಿನ್ನುತ್ತಿದ್ದಾಗ ಅಲ್ಲಿಯವನೊಬ್ಬ ಬಂದು ಬೆರಳಿನಿಂದ ಅದನ್ನು ಮುಟ್ಟಿ ನೋಡಿದನಂತೆ. ಅದರ ಮೆತ್ತನೆಯ ಸ್ಪರ್ಶಕ್ಕೆ ಅವನು ಮುಖ ಸಿಂಡರಿಸಿದ. ಅವನ ಕೈ ಕೊಳಕಾಗಿ ಕಾಣದಿದ್ದರೂ ಅವನು ಮುಟ್ಟಿದನೆಂದು ಡಾರ್ವಿನ್ನನಿಗೂ ಅದೇ ಆಯಿತು. ಹೇಸಿದ ಕಾರಣ ಬೇರೆ ಬೇರೆ, ಮುಖ ಮಾತ್ರ ಒಂದೇ. ನನ್ನ ಕಾರ್ಡಿನ ಸಮಸ್ಯೆಯೂ ಇದೇ ಅಲ್ಲವೆ? ಪದಗಳು ಕಾರಣವನ್ನು ಹಿಡಿದಿವೆ, ಚಿತ್ರ ಮುಖವನ್ನು ತೋರಿಸುತ್ತಿದೆ.

ಆರು ಎಂಬ ಲೆಕ್ಕ ಬಂದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ನನಿಂದ. ಈ ಮುಖಗಳು ಎಲ್ಲ ಮನುಷ್ಯರಿಗೂ ಒಂದೇ ಹೌದೋ ಎಂದು ನೋಡಲು 1960ರ ದಶಕದ ಕೊನೆಯಲ್ಲಿ ಅವನು ಪಾಪುವಾ ನ್ಯೂಗಿನಿಯ ಬೆಟ್ಟಗಳಲ್ಲಿ ವಾಸಿಸುವ ಫೋರೆ ಜನರ ಬಳಿ ಹೋದ. ಹೊರಗಿನವರ ಸಿನಿಮಾ, ಪತ್ರಿಕೆಗಳ ಮುಖಗಳನ್ನು ನೋಡಿ ಕಲಿತಿರದ ಜನ ಬೇಕಾಗಿತ್ತು ಅವನಿಗೆ. ಪುಟ್ಟ ಪುಟ್ಟ ಕಥೆ ಹೇಳಿ, ಇದಕ್ಕೆ ಒಪ್ಪುವ ಮುಖ ಯಾವುದು ಎಂದು ಫೋಟೊಗಳನ್ನು ಮುಂದಿಡುತ್ತಿದ್ದ. ಗೆಳೆಯರು ಬಂದಿದ್ದಾರೆ, ಮಗು ಸತ್ತಿದೆ, ಕೆಟ್ಟ ವಾಸನೆಯದೇನನ್ನೋ ನೋಡುತ್ತಿದ್ದಾನೆ. ಭಯದ ಕಥೆಯಲ್ಲಿ ಮನೆಯಲ್ಲಿ ಒಬ್ಬನೇ ಕುಳಿತಿದ್ದಾನೆ, ಬಾಗಿಲಲ್ಲಿ ಕಾಡುಹಂದಿ ಬಂದು ನಿಂತಿದೆ. (ನಮ್ಮ ಆಲೂರು, ಸಕಲೇಶಪುರದ ಕಡೆ ಹೇಳುವುದಾದರೆ ಹಂದಿಯ ಜಾಗದಲ್ಲಿ ಆನೆಯನ್ನು ನಿಲ್ಲಿಸಬೇಕು. ಹಂದಿಗೆ ಅಲ್ಲಿ ಯಾರೂ ಅಷ್ಟು ಹೆದರುವುದಿಲ್ಲ.) ಹೆಚ್ಚಿನ ಕಥೆಗಳಿಗೆ ಫೋರೆ ಜನ ಎಕ್ಮನ್ ನಿರೀಕ್ಷಿಸಿದ ಮುಖವನ್ನೇ ಆರಿಸಿದರು. ತೊಡಕಾದದ್ದು ಒಂದೇ ಕಡೆ. ಭಯದ ಮುಖವನ್ನೂ ಅಚ್ಚರಿಯ ಮುಖವನ್ನೂ ಅವರು ಬೇರ್ಪಡಿಸಲಿಲ್ಲ.

ಇದನ್ನು ಓದಿದ ಸಂಜೆ ಕಾರ್ಡುಗಳನ್ನು ಅಮ್ಮನ ಮುಂದೆ ಹರಡಿದೆ. ಚೀಟಿಗಳನ್ನು ಕಿತ್ತು, ಇಂಗ್ಲಿಷ್ ಪದದ ಮೇಲೆ ಬೆರಳು ಮುಚ್ಚಿ. ಅವರಿಗೆ ಎಪ್ಪತ್ತೆರಡು, ಅವರೆಕಾಯಿ ಸುಲಿಯುತ್ತಿದ್ದರು. ಭಯದ ಕಾರ್ಡು ನೋಡಿ, ‘ಏನನ್ನೋ ಕಂಡು ಗಾಬರಿಯಾಗಿದ್ದಾನೆ’ ಎಂದರು. ಆಶ್ಚರ್ಯದ ಕಾರ್ಡು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ, ‘ಇವನಿಗೂ ಗಾಬರಿಯೇ. ಆದರೆ ಕೆಟ್ಟ ಸುದ್ದಿಯಲ್ಲ’ ಎಂದರು. ನನಗೆ ಕೈಯಲ್ಲಿದ್ದ ಕಾಳು ಜಾರಿತು. ಹಿಂದಿ, ಮರಾಠಿಗಳ ನಂಟಿನ ಈ ಗಾಬರಿ, ಭಯಕ್ಕೂ ಅಚ್ಚರಿಗೂ ನಡುವಿನ ಗಡಿಯಲ್ಲಿ ಒಂದು ಕಾಲು ಅತ್ತ ಒಂದು ಕಾಲು ಇತ್ತ ಇಟ್ಟುಕೊಂಡು ನಿಂತಿದೆ. ಬಲ್ಲವರು ಹೇಳುವ ವ್ಯತ್ಯಾಸವೂ ಅಷ್ಟು ಸೂಕ್ಷ್ಮವಾದದ್ದೇ. ಎರಡರಲ್ಲೂ ಹುಬ್ಬು ಮೇಲೇರುತ್ತದೆ, ರೆಪ್ಪೆ ಅಗಲವಾಗುತ್ತದೆ. ಭಯದಲ್ಲಿ ಹುಬ್ಬುಗಳು ಏರುವುದರ ಜೊತೆಗೆ ಒಂದನ್ನೊಂದು ಸೆಳೆದುಕೊಂಡು ನೇರವಾಗುತ್ತವೆ, ತುಟಿ ಪಕ್ಕಕ್ಕೆ ಎಳೆದುಕೊಳ್ಳುತ್ತದೆ; ಅಚ್ಚರಿಯಲ್ಲಿ ಹುಬ್ಬು ಕಮಾನಾಗುತ್ತದೆ, ದವಡೆ ಸಡಿಲವಾಗಿ ಜೋತುಬೀಳುತ್ತದೆ. ಹುಬ್ಬೇರಿಸು, ಬಾಯಿ ಬಿಡು ಎಂಬ ನಮ್ಮ ಮಾತುಗಳು ಅಚ್ಚರಿಗೇ ಮೀಸಲಾಗಿರುವುದು ಸುಮ್ಮನೆ ಅಲ್ಲ.

ಸಂತೋಷದ ಕಾರ್ಡನ್ನು ಅಮ್ಮ ಒಪ್ಪಲೇ ಇಲ್ಲ. ‘ಇವನಿಗೆ ಸಂತೋಷ ಎಲ್ಲಿದೆ? ಫೋಟೊ ತೆಗೆಯುವವನಿಗೋಸ್ಕರ ಹಲ್ಲು ಕಿರಿದಿದ್ದಾನೆ.’ ನಿಜ, ಕೆನ್ನೆಯ ಸ್ನಾಯು ತುಟಿಯ ಅಂಚನ್ನು ಎಳೆದಿದೆ, ಕಣ್ಣಿನ ಸುತ್ತಲಿನದು ಅಲುಗಾಡಿಯೇ ಇಲ್ಲ. ಫ್ರಾನ್ಸಿನ ವೈದ್ಯ ದುಶೆನ್ 1862ರಲ್ಲಿ ಈ ಎರಡನ್ನು ಬೇರ್ಪಡಿಸಿ ತೋರಿಸಿದ. ಮೊದಲನೆಯದು ನಮ್ಮ ಇಚ್ಛೆಯಂತೆ ಆಡುತ್ತದೆ, ಎರಡನೆಯದು ನಿಜವಾದ ನಲಿವಿಗಷ್ಟೇ ಓಗೊಡುತ್ತದೆ ಎಂದ. ಕನ್ನಡ ಅದನ್ನು ನಗು ಮತ್ತು ಹಲ್ಲುಕಿರಿತ ಎಂದು ಎರಡು ಪದ ಇಟ್ಟು ಮುಗಿಸಿದೆ. ಹಾಸನ ಎಂಬ ಹೆಸರನ್ನೇ ನಗೆಯ ತಾಯಿ ಹಾಸನಾಂಬೆಯಿಂದ ಬಂದದ್ದೆಂದು ಹೇಳುವವರಿದ್ದಾರೆ. ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ಬಾಗಿಲು ತೆರೆದಾಗ ದರ್ಶನ ಕೊಡುವ ಆ ತಾಯಿ ಇರುವುದು ಹುತ್ತದ ರೂಪದಲ್ಲಿ. ಪದನಿಷ್ಪತ್ತಿ ಸರಿಯೋ ತಪ್ಪೋ, ಇನ್ನೊಂದು ದಿನ ಜಗಳವಾಡೋಣ.

ದುಃಖ ಎಂದು ಬರೆದದ್ದನ್ನೂ ತಿದ್ದಿದೆ. ನಮ್ಮಲ್ಲಿ ದುಃಖ ಎಂದರೆ ಸಾವಿನ ಮನೆ. ಚಿತ್ರದ ಹುಡುಗನಿಗೆ ಆಟಕ್ಕೆ ಕರೆದಿಲ್ಲ, ಅಷ್ಟೆ. ಅಲ್ಲಿ ‘ಬೇಜಾರು’ ಎಂದು ಹಾಕಿದೆ. ಪಾರಸಿಯಲ್ಲಿ ರೋಸಿಹೋದ, ಬೇಡವಾದ ಎಂಬ ಅರ್ಥವಿದ್ದ ಪದ. ನಮ್ಮ ಬೇಸರದ ಪಕ್ಕ ಬಂದು ಕುಳಿತು, ಹೊತ್ತು ಹೋಗದಿರುವುದು, ಮನಸ್ಸು ನೊಂದಿರುವುದು, ‘ಬೇಜಾರು ಮಾಡಿಕೊಳ್ಳಬೇಡಿ’ ಎನ್ನುವಾಗಿನ ಮುನಿಸು, ಎಲ್ಲವನ್ನೂ ಹೊತ್ತುಕೊಂಡಿದೆ. ಶುದ್ಧತೆಯ ಪಕ್ಷದವರು ಕ್ಷಮಿಸಬೇಕು, ಮಕ್ಕಳಿಗೆ ತಿಳಿಯುವುದು ಇದೇ.

ಮತ್ತೆ ಆರನೆಯದಕ್ಕೆ. ನಾಮಪದ ಬೇಡ, ಮುಖದ ಕ್ರಿಯೆಯನ್ನೇ ಬರೆದರೆ ಹೇಗೆ ಎಂದು ಯೋಚಿಸಿದೆ. ಈ ವಿಷಯದಲ್ಲಿ ಕನ್ನಡ ಬಡವಲ್ಲ. ಮುಖ ಅರಳುತ್ತದೆ, ಬಾಡುತ್ತದೆ, ಬಿಳಿಚಿಕೊಳ್ಳುತ್ತದೆ, ಕಪ್ಪಿಡುತ್ತದೆ. ಮುಖವನ್ನು ಗಂಟಿಕ್ಕಬಹುದು, ಊದಿಸಬಹುದು, ಕಿವುಚಬಹುದು, ಹುಳ್ಳಗೆ ಮಾಡಬಹುದು, ಸಿಂಡರಿಸಬಹುದು. ಎಕ್ಮನ್ ಮತ್ತು ಅವನ ಸಹೋದ್ಯೋಗಿ ಫ್ರೀಸನ್ 1978ರಲ್ಲಿ ಮುಖದ ಪ್ರತಿಯೊಂದು ಚಲನೆಗೂ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದರು. ಮೂಗು ಸುಕ್ಕಾಗುವುದು ಅದರಲ್ಲಿ 9ನೆಯದು. ನಾಟ್ಯಶಾಸ್ತ್ರ ಮೂಗಿಗೇ ಆರು ಬಗೆ, ಹುಬ್ಬಿಗೆ ಏಳು, ದೃಷ್ಟಿಗೆ ಮೂವತ್ತಾರು ಎಂದು ಎಂದೋ ಎಣಿಸಿಟ್ಟಿದೆ. ನಮ್ಮ ಆಡುಮಾತು ಎಣಿಸದೆಯೇ ಹೆಸರಿಟ್ಟಿದೆ. ‘ಕೊಂಕು’ ನೋಡಿ. ತಿರಸ್ಕಾರದ ಮುಖದಲ್ಲಿ ತುಟಿಯ ಒಂದೇ ಅಂಚು ಬಿಗಿದು ಮೇಲೇರುತ್ತದೆ. ಉಳಿದ ಭಾವಗಳು ಮುಖದ ಎರಡೂ ಕಡೆ ಸಮನಾಗಿ ಮೂಡಿದರೆ ಇದು ಒಂದು ಪಕ್ಕದ್ದು. ಎಕ್ಮನ್ ಇದನ್ನು ಏಳನೆಯದಾಗಿ ಸೇರಿಸಿದ್ದು 1980ರ ದಶಕದಲ್ಲಿ. ಓರೆಯಾದದ್ದು ಕೊಂಕು, ತುಟಿ ಓರೆಯಾದರೂ ಕೊಂಕು, ಆ ತುಟಿಯಿಂದ ಹೊರಟ ಮಾತೂ ಕೊಂಕು. ಏಳನೆಯ ಕಾರ್ಡು ಇದ್ದಿದ್ದರೆ ಒಂದು ಕ್ಷಣವೂ ತಡೆಯದೆ ಚೀಟಿ ಅಂಟಿಸುತ್ತಿದ್ದೆ. ದುರದೃಷ್ಟಕ್ಕೆ ಈ ಕಟ್ಟಿನಲ್ಲಿ ಅದಿಲ್ಲ.

‘ಮೂಗು ಮುರಿ’ಯನ್ನೂ ತೂಗಿ ನೋಡಿದೆ. ಆಗುವುದು ಮೂಗಿನಲ್ಲೇ, ಆದರೆ ಅರ್ಥ ಅಸಡ್ಡೆಯ ಕಡೆ ಹೋಗಿದೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿಗೆ ಮೂಗು ಮುರಿದರು ಎಂದರೆ ಅವರಿಗೆ ಹೇಸಿಗೆಯಾಗಲಿಲ್ಲ, ಅವರ ಅಂತಸ್ತಿಗೆ ಅದು ಸಾಲಲಿಲ್ಲ. ಹಾಗಾಗಿ ‘ಮುಖ ಸಿಂಡರಿಸಿದ್ದಾನೆ’ ಎಂದು ಬರೆದು ಗೆಳತಿಗೆ ಕೊಟ್ಟೆ. ಅವಳು ಓದಿ ನಕ್ಕಳು. ‘ಮುಖದ ಚಿತ್ರದ ಕೆಳಗೆ ಮುಖ ಹೀಗಿದೆ ಎಂದು ಬರೆದರೆ, ಮರದ ಚಿತ್ರದ ಕೆಳಗೆ ಎಲೆಗಳಿವೆ ಎಂದು ಬರೆದ ಹಾಗಾಯಿತು. ಎಲೆಯನ್ನು ಅವನೂ ನೋಡುತ್ತಿದ್ದಾನೆ. ಅವನಿಗೆ ಗೊತ್ತಾಗಬೇಕಾದದ್ದು ಒಳಗೆ ಏನಾಗಿದೆ ಎಂಬುದು.’ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ, ಅವಳು ಹೇಳಿದ್ದು ಸರಿ.

ಎಕ್ಮನ್ನನ ಪ್ರಯೋಗಗಳನ್ನು ಟೀಕಿಸಿದವರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ರಸೆಲ್ 1994ರಲ್ಲಿ ಎತ್ತಿದ ಆಕ್ಷೇಪವೂ ಇಲ್ಲಿ ತಟ್ಟುತ್ತದೆ. ಆರು ಪದ ಮುಂದಿಟ್ಟು ಆರಿಸು ಎಂದರೆ ಜನ ಹೇಗೋ ಒಪ್ಪುತ್ತಾರೆ. ಪದ ಕೊಡದೆ ಕೇಳಿದರೆ ಆ ಒಮ್ಮತ ಸಡಿಲವಾಗುತ್ತದೆ. ಅಮ್ಮ ಪದ ನೋಡದೆ ಹೇಳಿದ್ದಕ್ಕೇ ಅಲ್ಲವೆ ಎರಡು ಗಾಬರಿ, ಒಂದು ಹಲ್ಲುಕಿರಿತ ಸಿಕ್ಕಿದ್ದು! ಆದ್ದರಿಂದ ನಾನು ಅಂಟಿಸುವ ಚೀಟಿ ಸುಮ್ಮನೆ ಹೆಸರಲ್ಲ. ಆ ಹುಡುಗ ಮುಂದೆ ಆ ಮುಖವನ್ನು ಹೇಗೆ ಓದುತ್ತಾನೆ ಎಂಬುದನ್ನೂ ಅದು ಅಷ್ಟಿಷ್ಟು ನಿರ್ಧರಿಸುತ್ತದೆ. ಇಷ್ಟು ತಲೆ ಕೆಡಿಸಿಕೊಂಡಿರುವುದು ಅದಕ್ಕೇ.

ಅಂದಹಾಗೆ, ಆರನೆಯ ಕಾರ್ಡು ನೋಡಿ ಅಮ್ಮ ಏನೆಂದರು ಎಂದು ಹೇಳಲಿಲ್ಲ. ಅವರು ಯಾವ ಪದವನ್ನೂ ಹೇಳಲಿಲ್ಲ. ‘ಛೀ’ ಎಂದರು. ಹಾಗೆ ಅನ್ನುವಾಗ ಅವರ ಮೂಗು ಕೂಡ ಸುಕ್ಕಾಯಿತು, ಹಲ್ಲಿನ ಅಂಚು ಕಂಡಿತು. ಬೇಕಾದರೆ ಕನ್ನಡಿಯ ಮುಂದೆ ನಿಂತು ನೀವೂ ಒಮ್ಮೆ ಛೀ ಎಂದು ನೋಡಿ. ಆ ಅಕ್ಷರವನ್ನು ಉಚ್ಚರಿಸಬೇಕಾದರೆ ಬಾಯಿ ಅರ್ಧದಷ್ಟು ಆ ಆಕಾರಕ್ಕೆ ಬಂದೇ ಬರುತ್ತದೆ. ‘ಥೂ’ ಇನ್ನೂ ಒಂದು ಹೆಜ್ಜೆ ಮುಂದೆ, ಅದು ಉಗುಳುವುದೇ.

ಹಾಗಾಗಿ ಸದ್ಯಕ್ಕೆ ನನ್ನ ಒಲವು ‘ಇವನಿಗೆ ಛೀ ಎನ್ನಿಸಿದೆ’ ಎಂಬುದರ ಕಡೆಗಿದೆ. ಚತುರ್ಥಿ ಇದೆ, ಕ್ರಿಯಾಪದ ಇದೆ, ವಸ್ತುವಿನ ಗೊಂದಲ ಇಲ್ಲ, ಹುಡುಗನಿಗೆ ಕೆಟ್ಟ ಹೆಸರೂ ಬರುವುದಿಲ್ಲ. ಒಂದೇ ಅನುಮಾನ, ಛೀ ಎಂಬುದು ಬೈಗುಳವೂ ಹೌದು, ಛೀಮಾರಿಯ ಮೂಲವೂ ಹೌದು. ನಾಯಿಯನ್ನು ಅಟ್ಟುವಾಗಲೂ ಅದನ್ನೇ ಅನ್ನುತ್ತೇವೆ. ಮಲೆನಾಡಿನ ಕಡೆ ‘ಇಶ್ಶಿ’ ಎನ್ನುವುದನ್ನು ಕೇಳಿದ್ದೇನೆ. ಅದರಲ್ಲಿ ಸಿಟ್ಟಿನ ಅಂಶ ಕಡಿಮೆ ಎಂದು ನನ್ನ ಕಿವಿಗೆ ತೋರುತ್ತದೆ. ಕೊಪ್ಪ, ಶೃಂಗೇರಿಯವರು ಇದನ್ನು ಖಚಿತಪಡಿಸಬೇಕು. ಉತ್ತರದವರು, ಕರಾವಳಿಯವರು ಕೊಳೆತ ಮೊಟ್ಟೆ ಒಡೆದಾಗ ಬಾಯಿಂದ ಮೊದಲು ಏನು ಹೊರಡುತ್ತದೆ ಎಂದು ದಯವಿಟ್ಟು ತಿಳಿಸಿ. ನಿಘಂಟು ತೆರೆದು ನೋಡಿ ಬರೆಯಬೇಡಿ, ಅದನ್ನು ನಾನು ಆಗಲೇ ಮಾಡಿದ್ದೇನೆ. ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರೆ ಅದನ್ನು ಕೇಳಿ.

ಹೊಸ ಚೀಟಿಗಳು ಅಚ್ಚಿಗೆ ಹೋಗಲು ಹತ್ತು ದಿನ ಉಳಿದಿವೆ. ಅಲ್ಲಿಯವರೆಗೆ ಇರಲಿ ಎಂದು ಆರನೆಯ ಕಾರ್ಡಿನ ಕೆಳಗೆ ‘ಇವನಿಗೆ ಛೀ ಎನ್ನಿಸಿದೆ’ ಎಂದೇ ಪೆನ್ಸಿಲಿನಲ್ಲಿ ಬರೆದಿದ್ದೇನೆ.